ಜಲಶೋಧನೆಯಲ್ಲಿ ಮೃತ್ತಿಕಾಭೇದ: ಎರೆ, ಮಸಾರಿ ಮತ್ತು ಭಾರಲೋಹಗಳು

೧. ವಿಷಯಪ್ರವೇಶ

ಮುಗಿಲಿನಿಂದ ಬಿದ್ದ ನೀರು ನೆಲವನ್ನು ಸೇರಿದ ಬಳಿಕ ಆಯಾ ನೆಲದ ಗುಣವನ್ನು ತಾಳುತ್ತದೆಂಬ ಅಭಿಪ್ರಾಯವು ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಬಹು ಪ್ರಾಚೀನಕಾಲದಿಂದಲೂ ನೆಲೆಗೊಂಡಿದೆ. ಚರಕಸಂಹಿತೆಯ ಸೂತ್ರಸ್ಥಾನದ ಅನ್ನಪಾನವಿಧಿಯಲ್ಲಿ ಬಿಳಿಯ ಮಣ್ಣಿನ ನೀರು ಒಗರು, ಪಾಂಡುರವರ್ಣದ ಮಣ್ಣಿನದು ಕಹಿ, ಕಪಿಲವರ್ಣದ ಮಣ್ಣಿನದು ಕ್ಷಾರ, ಸವಳು ನೆಲದ್ದು ಉಪ್ಪು, ಕರಿಯ ಮಣ್ಣಿನದು ಸಿಹಿ ಎಂದು ವಿಂಗಡಿಸಲ್ಪಟ್ಟಿದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಇದೇ ಅಭಿಪ್ರಾಯವನ್ನು ಹೇಳಿ, ನೀರನ್ನು ಪರೀಕ್ಷಿಸುವವನು ಮೊದಲು ಭೂಮಿಯನ್ನು ಪರೀಕ್ಷಿಸಬೇಕೆಂದು ಸೂಚಿಸುತ್ತಾನೆ. ಕನ್ನಡದಲ್ಲಿ ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಲೋಕೋಪಕಾರವನ್ನು ರಚಿಸಿದ ಚಾವುಂಡರಾಯನೂ ಉದಕಾರ್ಗಳಕ್ಕೆ ಸ್ಥಾನವನ್ನು ಕೊಟ್ಟಿದ್ದಾನೆ. ಈತನು ಶ್ರವಣಬೆಳಗೊಳದ ಚಾವುಂಡರಾಯನಿಗಿಂತ ಬೇರೆಯವನೆಂಬುದು ವಿದ್ವಾಂಸರಿಗೆ ತಿಳಿದೇ ಇದೆ.

ನೆಲವು ನೀರಿಗೆ ಗುಣವನ್ನು ಕೊಡುತ್ತದೆಂಬುದು ಹೀಗೆ ಪ್ರಸಿದ್ಧವಾದ ವಿಚಾರ. ಅದೇ ನೆಲವು ನೀರಿನಲ್ಲಿರುವ ದೋಷವನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬಲ್ಲುದೆಂಬುದು ಆಧುನಿಕ ರಸಾಯನಶಾಸ್ತ್ರವು ವಿಸ್ತರಿಸಿ ತೋರಿಸಿದ ವಿಚಾರ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಮೊದಲಾದ ಭಾರಲೋಹಗಳನ್ನೂ, ಲೋಹಸದೃಶವಾದ ಆರ್ಸೆನಿಕ್ ಎಂಬ ಪಾಷಾಣಧಾತುವನ್ನೂ ಕೆಲವು ಮಣ್ಣುಗಳು ನೀರಿನಿಂದ ಸೆಳೆದು ಹಿಡಿದಿಡುತ್ತವೆ. ಈ ಸಂಗತಿಯು ಕನ್ನಡದ ಬರೆವಣಿಗೆಗಳಲ್ಲಿ “ಜೇಡಿಮಣ್ಣು ಭಾರಲೋಹಗಳನ್ನು ನೀಗಿಸುತ್ತದೆ” ಎಂಬ ಒಂದೇ ವಾಕ್ಯವಾಗಿ ಸಂಕ್ಷೇಪಗೊಳ್ಳುವುದುಂಟು. ಆ ವಾಕ್ಯವು ಅಸತ್ಯವಲ್ಲವಾದರೂ ಅಪೂರ್ಣವಾದುದು. ಯಾವ ಮಣ್ಣು ಯಾವ ಲೋಹವನ್ನು ಯಾವ ಕ್ರಮದಿಂದ ಹಿಡಿಯುತ್ತದೆಂಬ ವಿವೇಚನೆಯಿಲ್ಲದೆ ಅದನ್ನು ನಂಬಿದರೆ, ಕುಡಿಯುವವರ ಆರೋಗ್ಯಕ್ಕೆ ಹಾನಿಯುಂಟಾಗಬಹುದು. ಆದುದರಿಂದ ಮೃತ್ತಿಕಾಭೇದವನ್ನು ಆಧರಿಸಿ ಈ ವಿಷಯವನ್ನು ಇಲ್ಲಿ ನಿರೂಪಿಸಲಾಗಿದೆ.

೨. ಪ್ರಸಾದನವೂ ಶೋಧನವೂ

ಸುಶ್ರುತಸಂಹಿತೆಯ ಸೂತ್ರಸ್ಥಾನದ ನಲವತ್ತೈದನೆಯ ಅಧ್ಯಾಯವಾದ ದ್ರವದ್ರವ್ಯವಿಧಿಯಲ್ಲಿ ಜಲದ ವಿಚಾರವು ವಿಶದವಾಗಿ ಬಂದಿದೆ. ಅಲ್ಲಿ ಎರಡು ದೋಷಗಳನ್ನು ಬೇರೆಬೇರೆಯಾಗಿ ಗಣಿಸಿರುವುದು ಗಮನಾರ್ಹವಾಗಿದೆ. ಕೆಟ್ಟುಹೋದ, ಎಂದರೆ ವ್ಯಾಪನ್ನವಾದ ನೀರಿಗೆ ಬೆಂಕಿಯಲ್ಲಿ ಕುದಿಸುವುದು, ಬಿಸಿಲಿನಲ್ಲಿ ಕಾಯಿಸುವುದು, ಕಾದ ಕಬ್ಬಿಣದ ಉಂಡೆ, ಮರಳು ಅಥವಾ ಮಣ್ಣಿನ ಹೆಂಟೆಯನ್ನು ಅದರಲ್ಲಿ ಅದ್ದುವುದು ಎಂಬ ಉಪಾಯಗಳು ಹೇಳಲ್ಪಟ್ಟಿವೆ. ಕದಡಿದ, ಎಂದರೆ ಕಲುಷವಾದ ನೀರಿಗೆ ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ ಎಂಬ ಏಳು ಪ್ರಸಾದನದ್ರವ್ಯಗಳು ಹೇಳಲ್ಪಟ್ಟಿವೆ. ಕತಕವೆಂದರೆ ಕನ್ನಡದ ಚಿಲ್ಲದ ಬೀಜ. ಅದನ್ನು ತೇದು ಕದಡಿದ ನೀರಿಗೆ ಬೆರಸಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಕೂಡಿ ತಳಕ್ಕಿಳಿಯುತ್ತವೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಮಣ್ಣಿನ ಹೆಂಟೆಯೂ ಕಬ್ಬಿಣವೂ ಸುಶ್ರುತನಲ್ಲಿಯೇ ಹೇಳಲ್ಪಟ್ಟಿರುವುದರಿಂದ, ಭಾರಲೋಹಗಳನ್ನು ತೆಗೆಯುವ ವಿದ್ಯೆಯು ಪ್ರಾಚೀನರಿಗೆ ತಿಳಿದಿತ್ತೆಂದು ಹೇಳಬಹುದಷ್ಟೆ ಎಂಬುದು ಅದು. ಗ್ರಂಥದ ಮಾತನ್ನು ಗ್ರಂಥವು ಹೇಳಿದಷ್ಟಕ್ಕೇ ನಿಲ್ಲಿಸುವುದು ಯುಕ್ತ. ಸುಶ್ರುತನು ಅಲ್ಲಿ ಸೀಸವನ್ನಾಗಲಿ ಪಾಷಾಣವನ್ನಾಗಲಿ ನೀರಿನ ದೋಷವಾಗಿ ಎಣಿಸಿಲ್ಲ. ಕಾದ ಹೆಂಟೆಯಿಂದ ನೀರಿಗೆ ದೊರೆಯುವುದು ಮುಖ್ಯವಾಗಿ ಉಷ್ಣವೇ ಆಗಿದೆ. ಮೇಲಾಗಿ ವರಾಹಮಿಹಿರನು ಬಾವಿಯ ನೀರಿಗೆ ಹಾಕಲು ಹೇಳಿರುವ ಚೂರ್ಣದಲ್ಲಿ ಮುಸ್ತಾ, ಉಶೀರ, ನೆಲ್ಲಿ, ಕತಕ ಮೊದಲಾದವುಗಳೊಡನೆ ಅಂಜನವೂ ಸೇರಿದೆ. ಅಂಜನಶಬ್ದಕ್ಕೆ ಖನಿಜಾರ್ಥವೂ ಇದ್ದು, ಸುರ್ಮಾ ಎಂದು ಮಾರಲ್ಪಡುವ ವಸ್ತುವು ಅನೇಕವೇಳೆ ಸೀಸ ಮತ್ತು ಗಂಧಕಗಳ ಸಂಯುಕ್ತವೆಂಬುದು ಪರೀಕ್ಷೆಗಳಿಂದ ತಿಳಿದಿದೆ. ಹೀಗಿರಲು ಆ ಯೋಗವನ್ನು ಶಬ್ದಮಾತ್ರದಿಂದ ಅನುಸರಿಸುವುದು ಕ್ಷೇಮವಲ್ಲ.

ಆದರೂ ಪ್ರಾಚೀನರ ವಿಭಾಗವು ಈ ಕಾಲಕ್ಕೂ ಉಪಯುಕ್ತವಾದುದೇ. ಕಾಲುಷ್ಯವು ಕಣ್ಣಿಗೆ ಕಾಣುವ ದೋಷ, ವ್ಯಾಪತ್ತು ಕಣ್ಣಿಗೆ ಕಾಣದೆಯೂ ಇರಬಹುದಾದ ದೋಷ. ಕನ್ನಡದಲ್ಲಿ “ತಿಳಿ” ಎಂಬ ಶಬ್ದಕ್ಕೆ ನಿರ್ಮಲವೆಂಬ ಅರ್ಥವೂ ಅರಿಯುವುದೆಂಬ ಅರ್ಥವೂ ಉಂಟು. ಭಾರಲೋಹಗಳ ವಿಷಯದಲ್ಲಿ ಈ ಎರಡು ಅರ್ಥಗಳು ಅಗಲಿ ನಿಲ್ಲುತ್ತವೆ. ಲೋಹವು ನೀರಿನಲ್ಲಿ ಕರಗಿದಾಗ ಬಣ್ಣ, ವಾಸನೆ, ರುಚಿಗಳಿಂದ ಅದನ್ನು ಗುರುತಿಸುವುದು ಬಹುಮಟ್ಟಿಗೆ ಅಸಾಧ್ಯ. ಭಾರತೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದಲ್ಲಿ ಒಂದು ಲೀಟರಿಗೆ ಸೀಸವು ೦.೦೧ ಮಿಲಿಗ್ರಾಂ, ಕ್ಯಾಡ್ಮಿಯಂ ೦.೦೦೩ ಮಿಲಿಗ್ರಾಂ, ಪಾದರಸ ೦.೦೦೧ ಮಿಲಿಗ್ರಾಂ, ಆರ್ಸೆನಿಕ್ ೦.೦೧ ಮಿಲಿಗ್ರಾಂ ಎಂಬ ಮಿತಿಗಳು ವಿಧಿಸಲ್ಪಟ್ಟಿವೆ. ಇಷ್ಟು ಅಲ್ಪವಾದ ಪ್ರಮಾಣವು ಇಂದ್ರಿಯಗಳಿಗೆ ಗೋಚರವಾಗದು.

೩. ಗೊಟಗೋಡಿಯ ಸೀಮೆಯ ಎರಡು ಮಣ್ಣುಗಳು

ಮೃತ್ತಿಕಾಭೇದವನ್ನು ಪುಸ್ತಕಕ್ಕಿಂತ ಸ್ಪಷ್ಟವಾಗಿ ನೆಲದ ಮೇಲೆಯೇ ಕಾಣಬಹುದಾದ ಸೀಮೆಗಳಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕು ಒಂದು. ಗೊಟಗೋಡಿ ಗ್ರಾಮವು ಈ ತಾಲ್ಲೂಕಿನಲ್ಲಿದೆ. ಹಾನಗಲ್ಲಿನ ಕಡೆಗೆ ಮಲೆನಾಡಿನ ಸೆರಗೂ, ಸವಣೂರಿನ ಕಡೆಗೆ ಬಯಲುಸೀಮೆಯೂ ಇದ್ದು, ನಡುವಣ ಪ್ರದೇಶವನ್ನು ಕೃಷಿಶಾಸ್ತ್ರಜ್ಞರು ಉತ್ತರದ ಮಧ್ಯಂತರ ವಲಯವೆಂದು ಕರೆಯುತ್ತಾರೆ. ಈ ವಲಯದ ಲಕ್ಷಣವೇನೆಂದರೆ ಕರಿಯ ಮಣ್ಣೂ ಕೆಂಪು ಮಣ್ಣೂ ಒಂದರ ಮಗ್ಗುಲಲ್ಲಿ ಒಂದು ದೊರೆಯುವುದು. ಒಕ್ಕಲಿಗರು ಮೊದಲನೆಯದನ್ನು ಎರೆಯೆಂದೂ ಎರಡನೆಯದನ್ನು ಮಸಾರಿಯೆಂದೂ ಹೇಳುತ್ತಾರೆ. ಎರೆಯು ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಅಂಟುತ್ತದೆ, ಬೇಸಗೆಯಲ್ಲಿ ಬಿರಿದು ಆಳವಾದ ಬಿರುಕುಗಳನ್ನು ಬಿಡುತ್ತದೆ. ಮಸಾರಿಯು ನೀರನ್ನು ಬೇಗನೆ ಇಳಿಸುತ್ತದೆ, ಒಣಗಿದಾಗ ಅಷ್ಟಾಗಿ ಬಿರಿಯದು. ಬೀಜವನ್ನೂ ಬಿತ್ತನೆಯ ಕಾಲವನ್ನೂ ಒಕ್ಕಲಿಗನು ಈ ಭೇದದ ಮೇಲೆಯೇ ನಿಶ್ಚಯಿಸುತ್ತಾನೆ.

ಈ ಭೇದಕ್ಕೆ ಕಾರಣವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳ ರಚನೆಯಲ್ಲಿದೆ. ಮಣ್ಣಿನಲ್ಲಿ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತಲೂ ಸಣ್ಣದಾದ ಕಣಗಳನ್ನು ಜೇಡಿಯ ಕಣಗಳೆಂದು ಗಣಿಸುವುದು ರೂಢಿ. ಅವು ಹೆಚ್ಚಾಗಿ ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳಿಂದಾದ ತೆಳುವಾದ ಪದರಗಳು. ಎರೆಯಲ್ಲಿ ಪ್ರಧಾನವಾದುದು ಮಾಂಟ್‌ಮೊರಿಲೊನೈಟ್ ವರ್ಗದ ಖನಿಜ. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಅದಕ್ಕೆ ಆ ಹೆಸರು ಬಂದಿದೆ. ವಾಣಿಜ್ಯದಲ್ಲಿ ಬೆಂಟೊನೈಟ್ ಎಂದು ಪ್ರಸಿದ್ಧವಾದ ಮಣ್ಣಿನಲ್ಲಿಯೂ ಇದೇ ಖನಿಜವು ಪ್ರಧಾನ. ಕೆಂಪು ಮಣ್ಣಿನಲ್ಲಿ ಪ್ರಧಾನವಾದುದು ಕೆಯೋಲಿನೈಟ್. ಚೀನಾ ದೇಶದಲ್ಲಿ ಪಿಂಗಾಣಿಯ ಮಣ್ಣಿಗೆ ಹೆಸರಾದ ಗಾವೋಲಿಂಗ್ ಎಂಬ ಗುಡ್ಡದಿಂದ ಆ ಹೆಸರು ಹುಟ್ಟಿದೆ. ಇದರೊಡನೆ ಕಬ್ಬಿಣದ ಆಕ್ಸೈಡುಗಳು ಸೇರಿರುವುದರಿಂದಲೇ ಮಸಾರಿಗೆ ಕೆಂಪು ಬಣ್ಣ.

ಓಲೆಗರಿಯ ಕಟ್ಟನ್ನು ಬಲ್ಲವರಿಗೆ ಇವೆರಡರ ವ್ಯತ್ಯಾಸವನ್ನು ಸುಲಭವಾಗಿ ತಿಳಿಸಬಹುದು. ಕೆಯೋಲಿನೈಟಿನ ಪದರಗಳು ಬಿಗಿಯಾಗಿ ಕಟ್ಟಿದ ಓಲೆಗಳಂತೆ ಒಂದನ್ನೊಂದು ಹಿಡಿದುಕೊಂಡಿವೆ, ನಡುವೆ ನೀರು ನುಗ್ಗಲಾರದು. ಮಾಂಟ್‌ಮೊರಿಲೊನೈಟಿನದು ದಾರ ಸಡಿಲವಾದ ಕಟ್ಟು. ನೀರು ಎರಡು ಓಲೆಗಳ ನಡುವೆ ಸೇರಿ ಅವುಗಳನ್ನು ದೂರ ಸರಿಸುತ್ತದೆ, ಎರೆಯು ಉಬ್ಬುವುದು ಇದರಿಂದಲೇ. ಪದರಗಳು ಹೀಗೆ ತೆರೆದುಕೊಳ್ಳುವುದರಿಂದ ಮಾಂಟ್‌ಮೊರಿಲೊನೈಟಿನ ಒಂದು ಗ್ರಾಮಿನಲ್ಲಿ ಒಟ್ಟು ಮೇಲ್ಮೈಯು ಏಳುನೂರು ಎಂಟುನೂರು ಚದರ ಮೀಟರಿನವರೆಗೂ ಇರುವುದುಂಟು. ಕೆಯೋಲಿನೈಟಿನಲ್ಲಿ ಅದು ಸಾಮಾನ್ಯವಾಗಿ ಹತ್ತಿಪ್ಪತ್ತು ಚದರ ಮೀಟರು ಮಾತ್ರ.

೪. ಎರೆಯ ಕ್ರಮ: ವಿನಿಮಯ

ಮಾಂಟ್‌ಮೊರಿಲೊನೈಟಿನ ಪದರದಲ್ಲಿ ಅಲ್ಯೂಮಿನಿಯಮಿನ ಸ್ಥಾನದಲ್ಲಿ ಅಲ್ಲಲ್ಲಿ ಮೆಗ್ನೀಸಿಯಂ ಕುಳಿತಿರುತ್ತದೆ. ಅದರ ವಿದ್ಯುದಂಶವು ಕಡಿಮೆಯಾದುದರಿಂದ ಪದರಕ್ಕೆ ಋಣವಿದ್ಯುತ್ತು ಉಳಿಯುತ್ತದೆ. ಆ ಋಣವನ್ನು ತೀರಿಸಲು ಸೋಡಿಯಂ, ಕ್ಯಾಲ್ಸಿಯಂ ಮುಂತಾದ ಧನವಿದ್ಯುತ್ತಿನ ಕಣಗಳು, ಎಂದರೆ ಅಯಾನುಗಳು, ಪದರಗಳ ನಡುವೆ ಸಡಿಲವಾಗಿ ನೆಲೆಸಿರುತ್ತವೆ. ಸೀಸ ಅಥವಾ ಕ್ಯಾಡ್ಮಿಯಂ ಕರಗಿದ ನೀರು ಒಳಹೊಕ್ಕಾಗ ಆ ಲೋಹದ ಧನ ಅಯಾನು ಒಳಗೆ ನಿಂತು ಸೋಡಿಯಮಾಗಲಿ ಕ್ಯಾಲ್ಸಿಯಮಾಗಲಿ ನೀರಿಗೆ ಬಿಡುಗಡೆಯಾಗುತ್ತದೆ. ಮಣ್ಣು ಲೋಹವನ್ನು ನುಂಗಿಬಿಡುತ್ತದೆನ್ನುವುದಕ್ಕಿಂತ ಅದಲುಬದಲು ಮಾಡಿಕೊಳ್ಳುತ್ತದೆನ್ನುವುದು ಸರಿಯಾದ ಮಾತು. ಇದಲ್ಲದೆ ಪದರದ ಅಂಚುಗಳಲ್ಲಿಯೂ ಲೋಹವು ಅಂಟಿ ನಿಲ್ಲುವುದುಂಟು. ಮೇಲ್ಮೈಯಲ್ಲಿ ಹೀಗೆ ಅಂಟಿಕೊಳ್ಳುವುದಕ್ಕೆ ಅಧಿಶೋಷಣವೆಂದು ಹೆಸರು.

ಈ ವಿನಿಮಯವನ್ನು ಶಾಸ್ತ್ರೀಯವಾಗಿ ಮೊದಲು ಪ್ರಕಟಿಸಿದವರು ಇಂಗ್ಲೆಂಡಿನ ಎಚ್. ಎಸ್. ಥಾಮ್ಸನ್ ಮತ್ತು ಜೆ. ಥಾಮಸ್ ವೇ ಎಂಬವರು. ಥಾಮ್ಸನನು ಅಮೋನಿಯದ ಗೊಬ್ಬರವನ್ನು ಕರಗಿಸಿದ ನೀರನ್ನು ಮಣ್ಣಿನ ಮೂಲಕ ಇಳಿಯಬಿಟ್ಟಾಗ ಅಮೋನಿಯವು ಮಣ್ಣಿನಲ್ಲಿಯೇ ಉಳಿದು, ಕೆಳಗೆ ಬಂದ ನೀರಿನಲ್ಲಿ ಸುಣ್ಣದ ಲವಣವು ಕಾಣಿಸಿತು. ವೇ ಪಂಡಿತನು ಆ ಕಾರ್ಯವನ್ನು ಮುಂದುವರಿಸಿ ೧೮೫೦ರಲ್ಲಿಯೂ ೧೮೫೨ರಲ್ಲಿಯೂ ವಿವರಗಳನ್ನು ಪ್ರಕಟಿಸಿದನು. ಹೊಲದ ಫಲವತ್ತತೆಯನ್ನು ಕುರಿತು ಹುಟ್ಟಿದ ಈ ವಿಚಾರವೇ ಮುಂದೆ ನೀರಿನ ಶೋಧನೆಗೂ ಆಧಾರವಾಯಿತು.

ವಿನಿಮಯದ ಶಕ್ತಿಯನ್ನು ನೂರು ಗ್ರಾಂ ಮಣ್ಣಿಗೆ ಇಷ್ಟು ಮಿಲಿತುಲ್ಯಾಂಕವೆಂದು ಅಳೆಯುತ್ತಾರೆ. ಮಾಂಟ್‌ಮೊರಿಲೊನೈಟಿಗೆ ಅದು ಸಾಮಾನ್ಯವಾಗಿ ೮೦ರಿಂದ ೧೨೦, ಕೆಯೋಲಿನೈಟಿಗೆ ೩ರಿಂದ ೧೫. ಹೊಲದ ಎರೆಯಲ್ಲಿ ಮರಳು, ಸುಣ್ಣದ ಹರಳು ಮೊದಲಾದವು ಬೆರೆತಿರುವುದರಿಂದ ಶುದ್ಧಖನಿಜದಷ್ಟು ಶಕ್ತಿಯು ಅದಕ್ಕಿರದು. ಈ ಅಂಕೆಗಳನ್ನು ಹಿಡಿದು ಒಂದು ಲೆಕ್ಕವನ್ನು ಮಾಡಬಹುದು. ಶಕ್ತಿಯು ೮೦ ಇರುವ ಖನಿಜದ ಒಂದು ಗ್ರಾಮು ಸುಮಾರು ೮೩ ಮಿಲಿಗ್ರಾಂ ಸೀಸವನ್ನು ಹಿಡಿಯಬಲ್ಲುದು. ಮಾನಕದ ಮಿತಿಗಿಂತ ಹತ್ತುಪಟ್ಟು, ಎಂದರೆ ಲೀಟರಿಗೆ ೦.೧ ಮಿಲಿಗ್ರಾಂ ಸೀಸವಿರುವ ನೀರಾದರೆ, ಎಂಟುನೂರು ಲೀಟರನ್ನು ಒಂದೇ ಗ್ರಾಂ ಮಣ್ಣು ಶುದ್ಧಿಗೊಳಿಸಬೇಕಾಯಿತು. ವಾಸ್ತವದಲ್ಲಿ ಹೀಗಾಗುವುದಿಲ್ಲ. ಅದೇ ನೀರಿನಲ್ಲಿ ಲೀಟರಿಗೆ ೪೦ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ತುಲ್ಯಾಂಕದ ಲೆಕ್ಕದಲ್ಲಿ ಅದು ಸೀಸಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ಅಧಿಕ. ಮಣ್ಣು ಸೀಸವನ್ನು ಕ್ಯಾಲ್ಸಿಯಮಿಗಿಂತ ಹೆಚ್ಚಾಗಿ ಬಯಸುವುದಾದರೂ, ಇಷ್ಟು ದೊಡ್ಡ ಗುಂಪಿನ ನಡುವೆ ಅದಕ್ಕೆ ಸ್ಥಾನವು ಸುಲಭವಾಗಿ ದೊರೆಯದು. ಆದುದರಿಂದ ಪ್ರಯೋಗಶಾಲೆಯ ಶುದ್ಧಜಲದಲ್ಲಿ ದೊರೆತ ಫಲವನ್ನು ಊರಿನ ಗಡಸುನೀರಿಗೆ ಹಾಗೆಯೇ ಅನ್ವಯಿಸಕೂಡದು.

ನೀರಿನ ಆಮ್ಲತೆಯೂ ಇನ್ನೊಂದು ಕಾರಣ. ಆಮ್ಲವು ಅಧಿಕವಾದರೆ ಜಲಜನಕದ ಅಯಾನುಗಳೇ ಸ್ಥಾನಗಳನ್ನು ಆಕ್ರಮಿಸಿ ಲೋಹವನ್ನು ಹೊರಗಿಡುತ್ತವೆ, ಹಿಡಿದಿದ್ದ ಲೋಹವನ್ನೂ ಬಿಡಿಸುತ್ತವೆ. ಕ್ಷಾರವು ಅಧಿಕವಾದರೆ ಲೋಹವು ತಾನಾಗಿಯೇ ಗಸಿಯಾಗಿ ಇಳಿಯಬಹುದು, ಆಗ ಮಣ್ಣಿನ ಪಾತ್ರವೆಷ್ಟೆಂದು ಬೇರ್ಪಡಿಸಿ ನೋಡಬೇಕಾಗುತ್ತದೆ. ಎರೆಗೆ ಮತ್ತೊಂದು ತೊಡಕೂ ಉಂಟು. ಅದನ್ನು ಕೊಳವೆಯಲ್ಲಿ ತುಂಬಿ ನೀರನ್ನು ಹರಿಸಿದರೆ ಉಬ್ಬಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಆದುದರಿಂದ ನೀರಿನಲ್ಲಿ ಕಲಸಿ, ಬಳಿಕ ಇಳಿಯಗೊಟ್ಟು ತೆಗೆಯಬೇಕು, ಇಲ್ಲವೆ ಮರಳಿನೊಡನೆ ಬೆರಸಿಯೋ ಹರಳುಗಳಾಗಿ ಮಾಡಿಯೋ ಉಪಯೋಗಿಸಬೇಕು.

೫. ಕೆಮ್ಮಣ್ಣಿನ ಕ್ರಮ: ಕಬ್ಬಿಣದ ಹಿಡಿತ

ಎರೆಯ ಶಕ್ತಿಯು ಇಷ್ಟು ದೊಡ್ಡದಾದರೂ ಆರ್ಸೆನಿಕ್ ಮುಂದೆ ಅದು ಬಹುಮಟ್ಟಿಗೆ ನಿಷ್ಫಲ. ಕಾರಣವು ಸರಳವಾದುದು. ಆರ್ಸೆನಿಕ್ ನೀರಿನಲ್ಲಿ ಆಮ್ಲಜನಕದೊಡನೆ ಕೂಡಿ ಋಣ ಅಯಾನಾಗಿಯೋ, ವಿದ್ಯುದಂಶವಿಲ್ಲದ ಅಣುವಾಗಿಯೋ ಇರುತ್ತದೆ. ಎರೆಯ ಪದರವೂ ಋಣವೇ. ಋಣವು ಋಣವನ್ನು ದೂರ ತಳ್ಳುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕಂಡುಬಂದ ಕ್ರೋಮಿಯಮಿನ ವಿಷಯವೂ ಇಂಥದೇ. ಅದರ ವಿಷಮಯವಾದ ಷಡ್ವೇಲೆನ್ಸಿಯ ರೂಪವು ಕ್ರೋಮೇಟ್ ಎಂಬ ಋಣ ಅಯಾನಾಗಿ ಸಂಚರಿಸುತ್ತದೆ.

ಈ ಭೇದವು ಎಷ್ಟು ಗುರುತರವೆಂಬುದನ್ನು ಕಲ್ಯಾಣ ಕರ್ನಾಟಕದ ಒಂದು ಉದಾಹರಣೆಯಿಂದ ಕಾಣಬಹುದು. ಭೂವಿಜ್ಞಾನದಲ್ಲಿ ಧಾರವಾಡದ ಹೆಸರಿನಿಂದ ಪ್ರಸಿದ್ಧವಾದ ಶಿಲಾವರ್ಗದ ಪಟ್ಟಿಗಳು ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ಹಬ್ಬಿವೆ. ಹಟ್ಟಿಯ ಚಿನ್ನದ ಗಣಿ ಅಂಥದೊಂದು ಪಟ್ಟಿಯಲ್ಲಿದೆ. ಅಲ್ಲಿಯ ಚಿನ್ನದ ಅದುರಿನೊಡನೆ ಕಬ್ಬಿಣ, ಆರ್ಸೆನಿಕ್, ಗಂಧಕಗಳು ಕೂಡಿದ ಖನಿಜವಿರುತ್ತದೆ. ಸುರಪುರ ಸೀಮೆಯ ಮಂಗಳೂರು ಎಂಬಲ್ಲಿದ್ದ ಹಳೆಯ ಚಿನ್ನದ ಗಣಿಯ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲುಗಳು ಗಡುಸಾಗಿ, ಚರ್ಮದ ಮೇಲೆ ಕಲೆಗಳೂ ಗಂಟುಗಳೂ ಕಾಣಿಸಿಕೊಂಡುವು. ಜಾದವಪುರ ವಿಶ್ವವಿದ್ಯಾನಿಲಯದ ದೀಪಂಕರ ಚಕ್ರವರ್ತಿಯವರೂ ಅವರ ಸಂಗಡಿಗರೂ ೨೦೧೩ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದು ಕುಡಿಯುವ ನೀರಿನ ಆರ್ಸೆನಿಕ್‌ನಿಂದಾದ ವ್ಯಾಧಿಯೆಂಬುದನ್ನು ವಿವರಿಸಿತು. ಇಂತಹ ಊರಿಗೆ “ಜೇಡಿಮಣ್ಣು ಭಾರಲೋಹಗಳನ್ನು ನೀಗಿಸುತ್ತದೆ” ಎಂಬ ವಾಕ್ಯವು ತಲಪಿ, ಯಾರಾದರೂ ಹತ್ತಿರದ ಎರೆಯನ್ನು ಕಲಸಿ ತಿಳಿಗೊಳಿಸಿದ ನೀರನ್ನು ನಂಬಿ ಕುಡಿದರೆ, ನೀರು ಸ್ವಚ್ಛವಾಗಿ ಕಂಡರೂ ವಿಷವು ಉಳಿದೇ ಇರುತ್ತದೆ.

ಇಲ್ಲಿ ಸಹಾಯಕ್ಕೆ ಬರುವುದು ಕೆಮ್ಮಣ್ಣಿನ ವರ್ಗ. ಅದರಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಆಕ್ಸೈಡುಗಳ ಮೇಲ್ಮೈಯು ಸಾಮಾನ್ಯ ನೀರಿನಲ್ಲಿ ಧನವಿದ್ಯುತ್ತನ್ನು ತಾಳುವುದರಿಂದ ಆರ್ಸೆನೇಟ್ ಅಯಾನನ್ನು ಸೆಳೆದು, ಕಬ್ಬಿಣದೊಡನೆ ಗಟ್ಟಿಯಾದ ಬಂಧವನ್ನು ಏರ್ಪಡಿಸುತ್ತದೆ. ಈ ಆಕ್ಸೈಡುಗಳು ಅತ್ಯಧಿಕವಾಗಿರುವುದು ಜಂಬಿಟ್ಟಿಗೆಯಲ್ಲಿ. ಫ್ರಾನ್ಸಿಸ್ ಬುಕಾನನ್ನನು ಮೈಸೂರು, ಕನ್ನಡ, ಮಲೆಯಾಳ ದೇಶಗಳ ಪ್ರಯಾಣವನ್ನು ಕುರಿತ ೧೮೦೭ರ ಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ “ಲೇಟರ್” ಎಂದರೆ ಇಟ್ಟಿಗೆ. ಕನ್ನಡದ ಹೆಸರಿನಲ್ಲಿಯೂ ಸಂಸ್ಕೃತದ ಇಷ್ಟಕಾಶಬ್ದದಿಂದ ಬಂದ ಇಟ್ಟಿಗೆಯೇ ಇರುವುದು ಇಲ್ಲಿ ಸ್ಮರಣೀಯ. ಖರಗಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಸ್ಕರಿಸಿದ ಜಂಬಿಟ್ಟಿಗೆಯಿಂದ ಆರ್ಸೆನಿಕ್ ತೆಗೆಯುವ ಶೋಧಕವು ರೂಪಿಸಲ್ಪಟ್ಟಿದೆ. ಬಾಂಗ್ಲಾದೇಶದಲ್ಲಿ ಬಳಕೆಗೆ ಬಂದ ಮೂರು ಕೊಡಗಳ ಶೋಧಕದಲ್ಲಿಯೂ ಮರಳು, ಇದ್ದಿಲುಗಳೊಡನೆ ಕಬ್ಬಿಣದ ಚೂರುಗಳಿದ್ದುವು. ಅದೇ ಮಾರ್ಗದಲ್ಲಿ ಅಬುಲ್ ಹುಸ್ಸಾಮ್ ಎಂಬ ರಸಾಯನಶಾಸ್ತ್ರಜ್ಞರು ರೂಪಿಸಿದ ಸೋನೊ ಎಂಬ ಶೋಧಕಕ್ಕೆ ೨೦೦೭ರಲ್ಲಿ ಅಮೆರಿಕದ ಗ್ರೇಂಜರ್ ಬಹುಮಾನವು ದೊರೆಯಿತು. ಈ ಎಲ್ಲ ಉಪಾಯಗಳಲ್ಲಿಯೂ ಆರ್ಸೆನಿಕ್ಕನ್ನು ಹಿಡಿಯುವ ಮುಖ್ಯ ಕೆಲಸವು ಕಬ್ಬಿಣದ್ದು. ಆದರೂ ನೀರಿನಲ್ಲಿ ಫಾಸ್ಫೇಟ್ ಅಧಿಕವಾಗಿದ್ದರೆ ಅದು ಆರ್ಸೆನೇಟಿನ ಸ್ಥಾನಗಳನ್ನು ಕಸಿದುಕೊಳ್ಳುತ್ತದೆ. ವಿದ್ಯುದಂಶವಿಲ್ಲದ ರೂಪದ ಆರ್ಸೆನಿಕ್ ಕಡಿಮೆ ಹಿಡಿತಕ್ಕೆ ಸಿಕ್ಕುವುದರಿಂದ ಅದನ್ನು ಮೊದಲು ಉತ್ಕರ್ಷಿಸಬೇಕಾಗುತ್ತದೆ.

೬. ಕುಂಬಾರನ ಮಡಕೆಯ ವಿಚಾರ

ಮಣ್ಣಿನ ಮಡಕೆಯಲ್ಲಿಟ್ಟ ನೀರು ಶುದ್ಧವಾಗುತ್ತದೆಂಬ ನಂಬಿಕೆಯು ಸಾರ್ವತ್ರಿಕವಾದುದು. ಮಡಕೆಯು ನೀರನ್ನು ತಂಪುಮಾಡುವುದು ಅದರ ಸೂಕ್ಷ್ಮರಂಧ್ರಗಳಿಂದ ಒಸರಿದ ನೀರು ಆವಿಯಾಗುವುದರಿಂದ. ಆ ರಂಧ್ರಗಳ ಮೂಲಕವೇ ನೀರನ್ನು ಸೋಸಿದರೆ ಕೆಸರೂ ಕೆಲಮಟ್ಟಿಗೆ ಸೂಕ್ಷ್ಮಜೀವಿಗಳೂ ತಡೆಯಲ್ಪಡುತ್ತವೆ. ಕರಗಿದ ಲೋಹದ ಮಾತು ಬೇರೆ. ಕೆಯೋಲಿನೈಟು ಸುಮಾರು ೫೦೦ರಿಂದ ೬೦೦ ಸೆಂಟಿಗ್ರೇಡ್ ಅಂಶದ ಉಷ್ಣದಲ್ಲಿ ತನ್ನ ರಚನೆಯೊಳಗಿನ ನೀರಿನಂಶವನ್ನು ಕಳೆದುಕೊಂಡು ರೂಪಾಂತರ ಹೊಂದುತ್ತದೆ. ಮಾಂಟ್‌ಮೊರಿಲೊನೈಟಿನ ಓಲೆಗಳು ಬೆಂಕಿಯಲ್ಲಿ ಕುಸಿದು ಮತ್ತೆ ತೆರೆದುಕೊಳ್ಳುವ ಗುಣವನ್ನು ಬಿಡುತ್ತವೆ. ಆವಿಗೆಯಲ್ಲಿ ಚೆನ್ನಾಗಿ ಬೆಂದ ಮಡಕೆಗೆ ಹಸಿಮಣ್ಣಿನ ವಿನಿಮಯಶಕ್ತಿಯು ಬಹುಮಟ್ಟಿಗೆ ಇರುವುದಿಲ್ಲ. ಮಡಕೆಗೆ ಸಲ್ಲುವ ಕೀರ್ತಿಯು ಪ್ರಸಾದನದ್ದು ಮಾತ್ರ, ಅದನ್ನು ಲೋಹಶೋಧನಕ್ಕೆ ವಿಸ್ತರಿಸುವುದು ಅತಿವ್ಯಾಪ್ತಿದೋಷವಾಗುತ್ತದೆ.

೭. ಹಿಡಿದ ಲೋಹದ ಗತಿ

ಇನ್ನೊಂದು ಪ್ರಶ್ನೆಯು ಶೇಷವಾಗಿದೆ. ಲೋಹವನ್ನು ಹಿಡಿದ ಮಣ್ಣನ್ನು ಏನು ಮಾಡಬೇಕು? ಸಾವಯವಮಲವು ಕೊಳೆತು ರೂಪ ಬದಲಿಸುವಂತೆ ಲೋಹವು ನಾಶವಾಗುವುದಿಲ್ಲ. ಅದು ನೀರನ್ನು ಬಿಟ್ಟು ಮಣ್ಣನ್ನು ಸೇರಿತಷ್ಟೆ. ವಿನಿಮಯದಿಂದ ಬಂದುದು ವಿನಿಮಯದಿಂದಲೇ ಹೋಗಬಲ್ಲುದಾದುದರಿಂದ, ಬಳಸಿದ ಮಣ್ಣನ್ನು ಹಿತ್ತಲಿಗೋ ಹೊಲಕ್ಕೋ ಕೆರೆಯ ಅಂಗಳಕ್ಕೋ ಚೆಲ್ಲಿದರೆ ಲೋಹವು ಕಾಲಾಂತರದಲ್ಲಿ ಮತ್ತೆ ನೀರಿಗಿಳಿಯಬಹುದು, ಬೆಳೆಯನ್ನೂ ಸೇರಬಹುದು. ಆದುದರಿಂದ ಅಂತಹ ಮಣ್ಣನ್ನು ವಿಷದ್ರವ್ಯವೆಂದು ಭಾವಿಸಿ, ನೀರು ತಾಗದ ಸ್ಥಳದಲ್ಲಿ ವಿಧಿಪೂರ್ವಕವಾಗಿ ಇಡಬೇಕಾಗುತ್ತದೆ. ಮಣ್ಣು ಅಗ್ಗವೆಂಬ ಮಾತಿನಲ್ಲಿ ಈ ವೆಚ್ಚವು ಸೇರಿರುವುದಿಲ್ಲ. ಶೋಧಕವನ್ನು ಊರಿಗೆ ಕೊಡುವವರು, ಮಣ್ಣು ಎಷ್ಟು ದಿನಕ್ಕೆ ತುಂಬುತ್ತದೆ, ತುಂಬಿದ್ದನ್ನು ಯಾರು ಒಯ್ಯುತ್ತಾರೆ, ಹೊರಬಂದ ನೀರನ್ನು ಯಾರು ಎಂದೆಂದು ಪರೀಕ್ಷಿಸುತ್ತಾರೆ ಎಂಬ ಮೂರನ್ನೂ ಮೊದಲೇ ನಿಶ್ಚಯಿಸಿರಬೇಕು.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಸಿದ್ಧವಾಗುವುದೇನೆಂದರೆ: ಸೀಸ, ಕ್ಯಾಡ್ಮಿಯಂ, ತಾಮ್ರ, ಸತುಗಳಂತೆ ಧನ ಅಯಾನಾಗಿ ಕರಗುವ ಲೋಹಗಳಿಗೆ ಎರೆಯ ವರ್ಗವೂ, ಆರ್ಸೆನೇಟಿನಂತೆ ಋಣ ಅಯಾನಾಗಿ ಕರಗುವವುಗಳಿಗೆ ಕಬ್ಬಿಣದಿಂದ ಕೂಡಿದ ಕೆಮ್ಮಣ್ಣು, ಜಂಬಿಟ್ಟಿಗೆಗಳ ವರ್ಗವೂ ಯೋಗ್ಯವಾದುವು. ಎರಡಕ್ಕೂ ನೀರಿನ ಗಡಸುತನ, ಆಮ್ಲತೆ, ಸಹಲವಣಗಳ ಪರೀಕ್ಷೆಯು ಆವಶ್ಯಕ. ಜೇಡಿಮಣ್ಣೆಂಬ ಸಾಮಾನ್ಯಶಬ್ದವು ಈ ಭೇದವನ್ನು ಮರೆಮಾಡುತ್ತದೆ.

ಇಲ್ಲಿ ಸಾಹಿತ್ಯದ ಅಧ್ಯಾಪಕರಿಗೂ ಒಂದು ಕರ್ತವ್ಯವಿದೆ. ಎರೆ, ಮಸಾರಿ, ಸವಳು, ಗರಸು, ಜೇಡಿ, ಕೆಮ್ಮಣ್ಣು ಎಂಬ ಶಬ್ದಗಳು ಒಂದೊಂದೂ ಒಂದು ಪರೀಕ್ಷೆಯ ಫಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಒಕ್ಕಲಿಗರೂ ಕುಂಬಾರರೂ ಬಳಸುವ ಮಣ್ಣಿನ ಹೆಸರುಗಳನ್ನು, ಬಣ್ಣ, ಉಬ್ಬುವಿಕೆ, ಬಿರಿತ, ನೀರಿಳಿಯುವ ವೇಗ, ಆವಿಗೆಯಲ್ಲಿನ ನಡತೆ ಇವುಗಳೊಡನೆ ಊರೂರಿಗೆ ಬರೆದಿಡುವುದಾದರೆ, ರಸಾಯನಶಾಸ್ತ್ರಜ್ಞನಿಗೆ ಯಾವ ಮಣ್ಣನ್ನು ಎಲ್ಲಿಂದ ತರಬೇಕೆಂಬುದಕ್ಕೆ ಅದೇ ಮೊದಲ ಸೂಚಿಯಾದೀತು. ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಗೊಟಗೋಡಿಯಲ್ಲಿಯೇ ಇರುವುದರಿಂದ, ಈ ನಾಲ್ಕು ಸೀಮೆಗಳ ಮೃತ್ತಿಕಾಕೋಶಕ್ಕೆ ಅದು ಯೋಗ್ಯವಾದ ಸ್ಥಾನವಾಗಿದೆ. ಪ್ರತಿಯೊಂದು ಹೆಸರಿನೊಡನೆ ಒಂದು ಹಿಡಿ ಮಣ್ಣನ್ನೂ ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಿದರೆ ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಅಂಕೆಗಳಿಂದಲೂ ದೃಢಪಡುವುದು.